ಘಟಪ್ರಭೆಯ ಡಾಕ್ಟರರ ಕಾಗದಪತ್ರಗಳು

ಮಿರಜಿನಲ್ಲಿ ಬೆಳಗಾವಿ ಕಡೆಯ ರೈಲು ಹತ್ತಿದರೆ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಒಂದೊಂದಾಗಿ ಹಿಂದೆ ಸರಿದು ಘಟಪ್ರಭಾ ನಿಲ್ದಾಣ ಬರುತ್ತದೆ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಜನ ಈ ಹಳಿಯ ಮೇಲೆ ಸಂತೆಗೆ, ಮದುವೆಗೆ, ಉರುಸಿಗೆ, ಕೋರ್ಟಿಗೆ ಓಡಾಡಿದ್ದಾರೆ. ಆದರೆ ನಮ್ಮ ಹಿರಿಯರ ಮಾತಿನಲ್ಲಿ ಇದು ಮುಖ್ಯವಾಗಿ ದವಾಖಾನೆಯ ರೈಲು. ಒಂದು ತುದಿಗೆ ಮಿರಜಿನ ಮಿಷನ್ ದವಾಖಾನೆ, ಇನ್ನೊಂದು ದಿಕ್ಕಿಗೆ ಘಟಪ್ರಭೆಯ ಆರೋಗ್ಯಧಾಮ. ಮನೆಯಲ್ಲಿ ಜ್ವರ ಬಿಡದೆ ಹೋದಾಗ, ಹೆರಿಗೆ ಕಠಿಣವಾದಾಗ, ಕಣ್ಣಿಗೆ ಪೊರೆ ಬಂದಾಗ ‘ಎತ್ತ ಕಡೆ ಒಯ್ಯುವುದು’ ಎಂಬ ಪ್ರಶ್ನೆಗೆ ಈ ಎರಡೇ ಉತ್ತರಗಳಿದ್ದ ಕಾಲವೊಂದಿತ್ತು. ರೈಲಿಲ್ಲದ ನಿಪ್ಪಾಣಿಯವರು ಮಾತ್ರ ಮೋಟಾರು ಹಿಡಿಯುತ್ತಿದ್ದರು.

ಈ ಎರಡು ದವಾಖಾನೆಗಳ ಹಿಂದೆ ಇಬ್ಬರು ಡಾಕ್ಟರರಿದ್ದಾರೆ. ಇಬ್ಬರಿಗೂ ಅಮೆರಿಕದ ನಂಟು. ಮಿರಜಿನವರು ಅಮೆರಿಕದ ಮಿಷನ್ ಕಳಿಸಿಕೊಟ್ಟವರು. ಘಟಪ್ರಭೆಯವರು ಧಾರವಾಡದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಕಲಿತು ಬಂದವರು. ಮೊದಲನೆಯವರು ದುಡಿದ ಮಿಷನ್ನಿನ ಕಡತಗಳು ಫಿಲಡೆಲ್ಫಿಯಾದಲ್ಲಿವೆ. ಎರಡನೆಯವರ ಕಾಗದಪತ್ರಗಳು ದೆಹಲಿಯ ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿವೆ. ಇಬ್ಬರ ಮುಂದೆಯೂ ನಾಡಿ ಹಿಡಿಸಿಕೊಂಡು ಕುಳಿತವರು ನಮ್ಮ ತಾಲೂಕುಗಳವರು. ನಾವು ಇಲ್ಲಿ ಹೇಳಹೊರಟಿರುವುದು ಎರಡನೆಯವರ, ಅಂದರೆ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಕಾಗದಪತ್ರಗಳ ವಿಷಯ.

ಹೆಸರಿನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉತ್ತರ ಕರ್ನಾಟಕದಲ್ಲಿ ಹರ್ಡೀಕರರನ್ನೂ ‘ಕರ್ನಾಟಕದ ಗಾಂಧಿ’ ಎನಿಸಿಕೊಂಡ ಹರ್ಡೇಕರ ಮಂಜಪ್ಪನವರನ್ನೂ ಒಬ್ಬರೇ ಎಂದು ತಿಳಿದವರು ಇಂದಿಗೂ ಸಿಗುತ್ತಾರೆ. ಇಬ್ಬರೂ ಸ್ವಾತಂತ್ರ್ಯ ಹೋರಾಟಗಾರರು, ಇಬ್ಬರೂ ಒಂದೇ ಕಾಲದವರು. ಆದರೆ ದಾರಿ ಬೇರೆ, ಊರು ಬೇರೆ. ಡಾಕ್ಟರರ ಹೆಸರಿಗೆ ಇಂಗ್ಲಿಷಿನಲ್ಲಂತೂ ಎರಡು ಬಗೆಯ ಕಾಗುಣಿತವಿದೆ. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಗ್ರಂಥಾಲಯದ ಯಾದಿಯಲ್ಲಿ ಮನುಷ್ಯನೇ ಕಾಣೆಯಾಗುತ್ತಾನೆ.

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ 1913ರಲ್ಲಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡ ವಿಷಯ ಸಾರ್ವಜನಿಕ ಆರೋಗ್ಯ. 1916ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ನಮ್ಮ ಮಟ್ಟಿಗೆ ಈ ಆಯ್ಕೆ ಅವರ ಮುಂದಿನ ಬದುಕಿಗೆಲ್ಲ ಬೀಗದಕೈ. ಸಾಮಾನ್ಯ ಡಾಕ್ಟರರು ರೋಗಿ ಬಾಗಿಲಿಗೆ ಬಂದ ಮೇಲೆ ಕೆಲಸ ಶುರು ಮಾಡುತ್ತಾರೆ. ಸಾರ್ವಜನಿಕ ಆರೋಗ್ಯ ಕಲಿತವರು ಬಾವಿಯ ನೀರು, ಚರಂಡಿ, ಜನಜಂಗುಳಿ ಸೇರುವ ಜಾಗ, ಕೂಸಿನ ಹಾಲು ಎಂದು ರೋಗಕ್ಕಿಂತ ಮೊದಲೇ ಓಣಿಗೆ ಇಳಿಯಬೇಕಾಗುತ್ತದೆ. ಇಳಿದ ಮೇಲೆ ಒಬ್ಬರಿಂದ ಏನೂ ಆಗದೆಂದು ಗೊತ್ತಾಗುತ್ತದೆ. ಶಿಸ್ತುಳ್ಳ ಹತ್ತಾರು ಕೈಗಳು ಬೇಕು. ಸೇವಾದಳದ ಬೀಜ ಇಲ್ಲಿಯೇ ಇತ್ತೆಂದು ನಾವು ಭಾವಿಸುತ್ತೇವೆ.

ಆದರೆ ಪದವಿ ಮುಗಿಸಿದ ಹರ್ಡೀಕರರು ಕೂಡಲೇ ಊರಿಗೆ ಮರಳಲಿಲ್ಲ. ಮೊದಲ ಮಹಾಯುದ್ಧದ ದಿನಗಳಲ್ಲಿ ಲಾಲಾ ಲಜಪತರಾಯರು ಅಮೆರಿಕದಲ್ಲಿದ್ದರು. 1917ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಅವರು ಇಂಡಿಯಾ ಹೋಮ್ ರೂಲ್ ಲೀಗ್ ಕಟ್ಟಿದರು. 1918ರ ಜನವರಿಯಿಂದ ‘ಯಂಗ್ ಇಂಡಿಯಾ’ ಎಂಬ ಮಾಸಪತ್ರಿಕೆ ಹೊರಟಿತು. ಈ ಕೆಲಸಕ್ಕೆ ಬಲಗೈಯಾಗಿ ನಿಂತವರಲ್ಲಿ ಧಾರವಾಡದ ಈ ಡಾಕ್ಟರರೂ ಒಬ್ಬರು. ಊರೂರು ತಿರುಗಿ ಭಾಷಣ ಮಾಡುವುದು, ಸದಸ್ಯರನ್ನು ಸೇರಿಸುವುದು, ಕರಪತ್ರ ಹಂಚುವುದು ಇವರ ಪಾಲಿಗೆ ಬಂತು. ಮುಂದೆ ಅವರು ‘ಅಮೆರಿಕದಲ್ಲಿ ಲಾಲಾ ಲಜಪತರಾಯ್’ ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಪುಸ್ತಕವೊಂದನ್ನೂ ಬರೆದರು. 1921ರಲ್ಲಿ ಸ್ವದೇಶಕ್ಕೆ ಮರಳುವಾಗ ಅವರ ಕೈಯಲ್ಲಿ ಸ್ಟೆಥಾಸ್ಕೋಪಿಗಿಂತ ಹೆಚ್ಚಾಗಿ ಸಂಘಟನೆಯ ಅನುಭವ ಇತ್ತು.

ಬಂದು ನೆಲೆಸಿದ್ದು ಹುಬ್ಬಳ್ಳಿಯಲ್ಲಿ. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ ನಡೆಯಿತು. ಧ್ವಜ ಹಿಡಿದು ಹೋದವರನ್ನೆಲ್ಲ ಸರ್ಕಾರ ಜೈಲಿಗೆ ತುಂಬಿತು. ಒಳಗಿನ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರೊಂದಿಗೆ ಹೋಗಿದ್ದ ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಈ ಸುದ್ದಿ ದೇಶದ ಕಾಂಗ್ರೆಸ್ಸಿಗರ ಕಿವಿಗೆ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಇಂಥ ತಂಡಗಳು ದೇಶಕ್ಕೆಲ್ಲ ಬೇಕು ಎಂಬ ಮಾತು ಎದ್ದಿತು. ಅಧಿವೇಶನದ ಅಧ್ಯಕ್ಷರು ಮೌಲಾನಾ ಮುಹಮ್ಮದ್ ಅಲಿ. ಜೊತೆಗೇ ನಡೆದ ಸ್ವಯಂಸೇವಕರ ಸಮ್ಮೇಳನದ ಅಧ್ಯಕ್ಷರು ಜವಾಹರಲಾಲ್ ನೆಹರೂ. ಹಿಂದುಸ್ತಾನಿ ಸೇವಾದಳ ಹುಟ್ಟಿದ್ದು ಅಲ್ಲಿ. ಅದರ ಬೆನ್ನೆಲುಬು ಹರ್ಡೀಕರರು, ಕಚೇರಿ ಹುಬ್ಬಳ್ಳಿ.

‘ಹಿಂದುಸ್ತಾನಿ’ ಎಂಬ ಆ ಮೊದಲ ಶಬ್ದವನ್ನು ಓದುಗರು ಹಗುರವಾಗಿ ದಾಟಬಾರದು. ಖಿಲಾಫತ್ ಚಳವಳಿಯ ಬಿಸಿ ಆರುತ್ತಿದ್ದ, ಉತ್ತರ ಭಾರತದ ಊರುಗಳಲ್ಲಿ ಹಿಂದೂ-ಮುಸ್ಲಿಂ ಗಲಭೆಗಳು ತಲೆಯೆತ್ತುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಒಂದೇ ಸಮವಸ್ತ್ರ, ಒಂದೇ ಕವಾಯತು, ಒಂದೇ ಧ್ವಜದ ಕೆಳಗೆ ಎಲ್ಲ ಮತದ ಹುಡುಗರನ್ನು ನಿಲ್ಲಿಸುವ ಪ್ರಯತ್ನ ಇದು. ಎರಡು ವರ್ಷ ಕಳೆಯುವುದರೊಳಗೆ, 1925ರ ವಿಜಯದಶಮಿಯಂದು, ಕಲ್ಕತ್ತೆಯಲ್ಲೇ ವೈದ್ಯಕೀಯ ಓದಿ ಬಂದ ಇನ್ನೊಬ್ಬ ಡಾಕ್ಟರರು ನಾಗಪುರದಲ್ಲಿ ಬೇರೊಂದು ಸ್ವಯಂಸೇವಕ ಸಂಘ ಕಟ್ಟಿದರು. ಅವರು ಡಾ. ಕೇಶವ ಬಲಿರಾಮ ಹೆಡಗೇವಾರ. ಇಬ್ಬರೂ ಡಾಕ್ಟರರು, ಇಬ್ಬರಿಗೂ ಕವಾಯತಿನಲ್ಲಿ ನಂಬಿಕೆ, ಇಬ್ಬರಿಗೂ ತರುಣರೇ ಬಂಡವಾಳ. ಯಾರನ್ನು ಸಾಲಿನೊಳಗೆ ಕರೆದುಕೊಳ್ಳುವುದು ಎಂಬಲ್ಲಿ ದಾರಿ ಕವಲೊಡೆಯಿತು. ಒಂದನ್ನು ಇಂದು ಹಳ್ಳಿಯ ಹುಡುಗನೂ ಬಲ್ಲ. ಇನ್ನೊಂದರ ಬಗ್ಗೆ ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಚುನಾವಣಾ ಸಭೆಯಲ್ಲಿ ಬಿಳಿ ಟೋಪಿ ಹಾಕಿ ವೇದಿಕೆಯ ಪಕ್ಕ ನಿಲ್ಲುವ ಕಾರ್ಯಕರ್ತರು. ಈ ಎರಡನೆಯದು ಮೊದಲು ಏನಾಗಬೇಕೆಂದು ಹೊರಟಿತ್ತು ಎಂಬುದಕ್ಕೆ ಸಾಕ್ಷಿ ಹುಡುಕುವವರು ಹರ್ಡೀಕರರ ಕಾಗದಪತ್ರಗಳಿಗೇ ಹೋಗಬೇಕು.

ದಳಕ್ಕೆ ಮನೆಯೊಳಗೇ ವಿರೋಧವಿತ್ತು. ಅಹಿಂಸೆಯ ಪಕ್ಷಕ್ಕೆ ಈ ಸಿಪಾಯಿ ಕವಾಯತು ಯಾಕೆ ಎಂದು ಹಿರಿಯ ಕಾಂಗ್ರೆಸ್ಸಿಗರು ಹುಬ್ಬು ಗಂಟಿಕ್ಕಿದರು. ನೆಹರೂ ತಮ್ಮ ಆತ್ಮಕಥೆಯಲ್ಲೂ ಈ ಅನುಮಾನದ ಪ್ರಸಂಗ ಹೇಳಿದ್ದಾರೆ. ಅವರು ಹರ್ಡೀಕರರಿಗೆ ಬರೆದ ಪತ್ರಗಳು ಮುಂದೆ ಸರ್ವೇಪಲ್ಲಿ ಗೋಪಾಲರ ಸಂಪಾದಕತ್ವದಲ್ಲಿ ಬಂದ ನೆಹರೂ ಬರಹಗಳ ಸಂಪುಟಗಳಲ್ಲಿ ಅಚ್ಚಾದವು. ಆ ಪತ್ರಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮೂಲದ ಗುರುತಿದೆ: ಹರ್ಡೀಕರ್ ಪೇಪರ್ಸ್. ಯಾರೋ ಒಬ್ಬರು ಬಂದ ಪತ್ರವನ್ನು ಓದಿ ಹರಿದು ಹಾಕದೆ ಮಡಚಿ ಇಟ್ಟುಕೊಂಡದ್ದರಿಂದ ಇನ್ನೊಬ್ಬರ ಸಂಪುಟ ತುಂಬಿತು. ದೊಡ್ಡವರ ಚರಿತ್ರೆ ಎಷ್ಟೋ ಸಲ ಅವರಿಗಿಂತ ಕಡಿಮೆ ಹೆಸರು ಪಡೆದವರ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ.

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದಾಗ ದಳಕ್ಕೆ ತನ್ನ ನೆಲದಲ್ಲೇ ಪರೀಕ್ಷೆ ಬಂತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನ, ಹರ್ಡೀಕರರ ಸ್ವಯಂಸೇವಕರು, ಕಾಕಾ ಕಾಲೇಲಕರರ ನೈರ್ಮಲ್ಯದ ಪಡೆ. ಸಾವಿರಾರು ಜನ ಸೇರುವಲ್ಲಿ ನೀರು ಕೆಡದಂತೆ, ಪಾಯಖಾನೆ ತುಂಬಿ ಹರಿಯದಂತೆ, ಕಾಲರಾ ಕಾಲಿಡದಂತೆ ನೋಡಿಕೊಳ್ಳುವುದು ಭಾಷಣ ಮಾಡಿದಷ್ಟು ಸುಲಭವಲ್ಲ. ಮಿಶಿಗನ್ನಿನ ಪಾಠ ಉಪಯೋಗಕ್ಕೆ ಬಂದದ್ದು ಇಂಥಲ್ಲಿ. ಚಿಕ್ಕೋಡಿ, ಅಥಣಿ ತಾಲೂಕುಗಳಿಗೆ ಬೆಳಗಾವಿಯೇ ಜಿಲ್ಲಾ ಕೇಂದ್ರವಾದ್ದರಿಂದ ಈ ಅಧಿವೇಶನ ನಮ್ಮ ಭಾಗಕ್ಕೆ ಮನೆ ಮುಂದಿನ ಜಾತ್ರೆಯಂತೆ ಇತ್ತು.

ಹೆಂಗಸರ ವಿಭಾಗವನ್ನು ಹರ್ಡೀಕರರು ಉಮಾಬಾಯಿ ಕುಂದಾಪುರ ಅವರಿಗೆ ವಹಿಸಿದರು. ಚಿಕ್ಕ ವಯಸ್ಸಿನಲ್ಲಿ ವಿಧವೆಯಾಗಿ, ಮಾವನವರೊಡನೆ ಮುಂಬಯಿಯಿಂದ ಹುಬ್ಬಳ್ಳಿಗೆ ಬಂದ ಹೆಣ್ಣುಮಗಳು ಆಕೆ. ಮಾವ ಆನಂದರಾಯರು ಹುಬ್ಬಳ್ಳಿಯಲ್ಲಿ ಕರ್ನಾಟಕ ಪ್ರೆಸ್ ನಡೆಸಿದರು. ಸೊಸೆ ಭಗಿನಿ ಮಂಡಲ ಕಟ್ಟಿದರು, ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು. ಹರ್ಡೀಕರರು ‘ದಿ ವಾಲಂಟಿಯರ್’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು. 1932ರಲ್ಲಿ ಉಮಾಬಾಯಿ ಜೈಲಿಗೆ ಹೋಗಿ ಬರುವಷ್ಟರಲ್ಲಿ ಪ್ರೆಸ್ ಜಪ್ತಿಯಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಮಂಡಲ ಕಾನೂನುಬಾಹಿರವೆನಿಸಿತ್ತು. ಹರ್ಡೀಕರರ ಪೆಟ್ಟಿಗೆಯಲ್ಲಿ ಉಳಿದದ್ದು ಇಂಥ ಜಪ್ತಿಗಳಿಂದ ಪಾರಾಗಿ ಉಳಿದದ್ದು ಎಂಬುದನ್ನು ಮರೆಯಬಾರದು. ಕಾಗದ ಕಾಪಾಡುವುದು ಆ ಕಾಲದಲ್ಲಿ ಹವ್ಯಾಸವಾಗಿರಲಿಲ್ಲ, ಜೈಲಿನ ದಾರಿಯೂ ಆಗಬಹುದಿತ್ತು.

ಇಲ್ಲಿ ಇನ್ನೊಂದು ಸಂಗತಿ. 1931ರ ಆಗಸ್ಟಿನಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸೇವಾದಳವನ್ನು ಪಕ್ಷದ ಅಧಿಕೃತ ಸ್ವಯಂಸೇವಕ ಸಂಸ್ಥೆಯೆಂದು ಒಪ್ಪಿಕೊಂಡಿತು. ಅದೇ ತಿಂಗಳು ವಾಯವ್ಯ ಗಡಿಯಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರು ಕಟ್ಟಿದ್ದ ಖುದಾಯಿ ಖಿದ್ಮತ್‌ಗಾರ್ ಪಡೆಯನ್ನೂ ಕಾಂಗ್ರೆಸ್ಸಿನ ತೆಕ್ಕೆಗೆ ತಂದುಕೊಂಡಿತು. ಮರುವರ್ಷದ ಆರಂಭದಲ್ಲಿ ಎರಡರ ಮೇಲೂ ನಿಷೇಧ ಬಿತ್ತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ಎದ್ದರೂ ಈ ಎರಡರ ಮೇಲಿನದು ಏಳಲಿಲ್ಲ. ಒಂದರ ಕೇಂದ್ರ ಪೇಶಾವರದ ಬಳಿ, ಇನ್ನೊಂದರದು ಹುಬ್ಬಳ್ಳಿಯಲ್ಲಿ. ಒಂದು ಪಠಾಣರ ಕೆಂಪಂಗಿ, ಇನ್ನೊಂದು ಕನ್ನಡ ನಾಡಿನ ಖಾದಿ ಅಂಗಿ. ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ಎರಡೂ ಒಂದೇ ತೂಕದ ಅಪಾಯ. ಸರ್ಕಾರಗಳು ಕೆಲವೊಮ್ಮೆ ಚರಿತ್ರೆಕಾರರಿಗಿಂತ ಚೆನ್ನಾಗಿ ಸಂಬಂಧ ಗುರುತಿಸುತ್ತವೆ.

ಘಟಪ್ರಭೆಯ ಕೆಲಸ ಈ ಗದ್ದಲದ ನಡುವೆಯೇ ಬೆಳೆದದ್ದು. 1930ರ ಹಿಂದುಮುಂದಿನ ವರ್ಷಗಳಲ್ಲಿ ಹರ್ಡೀಕರರು ಡಾ. ಕೊಕಟನೂರ ಮೊದಲಾದ ಸಂಗಡಿಗರೊಂದಿಗೆ ಇಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದರು. ಕೊಕಟನೂರು ಎಂಬುದು ಅಥಣಿ ತಾಲೂಕಿನ, ಯಲ್ಲಮ್ಮನ ಜಾತ್ರೆಯ ಊರು ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನದಿ ಹತ್ತಿರ, ರೈಲು ಹತ್ತಿರ, ಗಾಳಿ ಒಳ್ಳೆಯದು. ಶಹರದಲ್ಲಿ ದವಾಖಾನೆ ತೆಗೆದಿದ್ದರೆ ಅವರಿಗೆ ಹಣ ಬರುತ್ತಿತ್ತು. ಹಳ್ಳಿಗಾಡಿನ ಮಧ್ಯೆ ತೆಗೆದದ್ದರಿಂದ ಜನ ಬಂದರು. ಸ್ವಾತಂತ್ರ್ಯಾನಂತರ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1970ರ ಆಗಸ್ಟಿನಲ್ಲಿ ತೀರಿಕೊಂಡರು. 1989ರಲ್ಲಿ, ಹುಟ್ಟಿದ ನೂರನೇ ವರ್ಷಕ್ಕೆ, ಅಂಚೆ ಇಲಾಖೆ ಅವರ ಚೀಟಿ ಹೊರಡಿಸಿತು.

ವೈದ್ಯನೊಬ್ಬ ಸಾರ್ವಜನಿಕ ಕೆಲಸಕ್ಕೆ ಇಳಿದರೆ ಅವನ ಕಾಗದಗಳಿಗೆ ವಿಶೇಷ ಬೆಲೆ ಬರುತ್ತದೆ. ಅಮೆರಿಕನ್ನರು ಇದನ್ನು ಬಲ್ಲರು. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಬೆಂಜಮಿನ್ ರಶ್ ಎಂಬ ಡಾಕ್ಟರರಿದ್ದರು. 1797ರಿಂದ 1813ರಲ್ಲಿ ಸಾಯುವವರೆಗೆ ಅವರು ಸರ್ಕಾರಿ ಟಂಕಸಾಲೆಯ ಖಜಾಂಚಿ. 1793ರಲ್ಲಿ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಡಿದಾಗ ಊರು ಬಿಟ್ಟು ಓಡದೆ ನಿಂತರು. ರೋಗಿಗಳ ರಕ್ತ ತೆಗೆಯುವ ಅವರ ಚಿಕಿತ್ಸೆ ಮಾತ್ರ ಜೀವಕ್ಕೆ ಎರವಾಗುವಂಥದು. ಅವರ ಪತ್ರ, ಟಿಪ್ಪಣಿ, ಲೆಕ್ಕದ ಪುಸ್ತಕಗಳು ಅದೇ ಊರಿನ ಗ್ರಂಥಭಂಡಾರಗಳಲ್ಲಿ ಉಳಿದಿವೆ. 1951ರಲ್ಲಿ ಪತ್ರಗಳು ಎರಡು ಸಂಪುಟಗಳಾಗಿ ಅಚ್ಚಾದವು. ಹಾಗಾಗಿ ಅವರ ಧೈರ್ಯವನ್ನೂ ಅವರ ತಪ್ಪನ್ನೂ ಅವರ ಕೈಬರಹದಿಂದಲೇ ತೂಗಿ ನೋಡಲು ಸಾಧ್ಯವಾಗಿದೆ. ನಮ್ಮಲ್ಲಿ ದೊಡ್ಡವರು ಸತ್ತ ಮೇಲೆ ಪುತ್ಥಳಿ ಬೇಗ ಏಳುತ್ತದೆ. ಟ್ರಂಕಿನೊಳಗಿನ ಕಾಗದಕ್ಕೆ ಗೆದ್ದಲು ಅದಕ್ಕಿಂತ ಬೇಗ ಬರುತ್ತದೆ.

ಮುಸ್ಲಿಂ ಸಾರ್ವಜನಿಕ ಜೀವನದಲ್ಲೂ ಇದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ 1912ರಲ್ಲಿ ಬಾಲ್ಕನ್ ಯುದ್ಧದ ಗಾಯಾಳುಗಳ ಚಿಕಿತ್ಸೆಗೆ ತುರ್ಕಿಗೆ ವೈದ್ಯರ ತಂಡ ಕರೆದುಕೊಂಡು ಹೋದವರು, 1927ರ ಮದ್ರಾಸ್ ಕಾಂಗ್ರೆಸ್ಸಿನ ಅಧ್ಯಕ್ಷರು. ಅವರ ಪತ್ರಗಳು ಉಳಿದದ್ದರಿಂದಲೇ ಮುಶೀರುಲ್ ಹಸನ್ 1979ರಲ್ಲಿ ಅವುಗಳ ಆಯ್ದ ಸಂಪುಟ ತರಲು ಸಾಧ್ಯವಾಯಿತು. ಮುಸ್ಲಿಮರೆಲ್ಲ ಒಂದೇ ದಾರಿ ಹಿಡಿದರು ಎನ್ನುವವರ ಬಾಯಿ ಮುಚ್ಚಿಸಲು ಅಂಥ ಒಂದು ಸಂಪುಟ ಸಾಕು.

ಹರ್ಡೀಕರರ ಕಾಗದಗಳಿರುವ ತೀನ್ ಮೂರ್ತಿಯ ಗ್ರಂಥಾಲಯ 1966ರಲ್ಲಿ ಆರಂಭವಾದದ್ದು. ಹಲವು ದಶಕ ನೆಹರೂ ಸ್ಮಾರಕ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಎನಿಸಿಕೊಂಡಿದ್ದ ಸಂಸ್ಥೆಗೆ 2023ರಲ್ಲಿ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಎಂಬ ಹೊಸ ಹೆಸರು ಬಂತು. ಫಲಕ ಬದಲಾದರೂ ಪೆಟ್ಟಿಗೆಗಳು ಅಲ್ಲೇ ಇವೆ. ರಾಷ್ಟ್ರ ಮಟ್ಟದ ನಾಯಕರ ಸಾಲಿನಲ್ಲಿ ನಮ್ಮ ಘಟಪ್ರಭೆಯ ಡಾಕ್ಟರರಿಗೂ ಒಂದು ಕಪಾಟು ದಕ್ಕಿರುವುದು ಸಂತೋಷದ ವಿಷಯವೇ. ಆದರೆ ದೆಹಲಿಯ ಜರಡಿ ದೆಹಲಿಗೆ ಬೇಕಾದದ್ದನ್ನು ಹಿಡಿಯುತ್ತದೆ. ನೆಹರೂ ಬರೆದ ಪತ್ರ ಅದರಲ್ಲಿ ನಿಲ್ಲುತ್ತದೆ. ರಾಯಬಾಗದ ಹೊಲಗಾರನೊಬ್ಬ ಎತ್ತಿನ ಗಾಡಿಯಲ್ಲಿ ಹೆಂಡತಿಯನ್ನು ಮಲಗಿಸಿಕೊಂಡು ಬಂದ ದಿನದ ಕೇಸ್ ಪೇಪರು ನಿಲ್ಲುವುದಿಲ್ಲ. ನಮಗೆ ಎರಡೂ ಬೇಕು.

1927ರ ಮಾರ್ಚ್ ತಿಂಗಳ ಕೊನೆಯ ವಾರ ನೋಡಿ. ಕೊಲ್ಹಾಪುರದಲ್ಲಿ ಒಂದರ ಹಿಂದೊಂದು ಸಭೆ ನಡೆಸಿ ಗಾಂಧೀಜಿ ಕುಸಿದರು. ಅಲ್ಲಿಂದ ನಿಪ್ಪಾಣಿಗೆ ಬಂದರು. ಆಗ ಅವರನ್ನು ಪರೀಕ್ಷಿಸಿ ಪೂರ್ಣ ವಿಶ್ರಾಂತಿ ಹೇಳಿದವರಲ್ಲಿ ಮಿರಜಿನ ಡಾ. ವಿಲಿಯಂ ವಾನ್ಲೆಸ್ ಒಬ್ಬರು. ಕೆನಡಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಓದಿ, 1889ರಲ್ಲಿ ಅಮೆರಿಕನ್ ಪ್ರೆಸ್ಬಿಟೀರಿಯನ್ ಮಿಷನ್ನಿನಿಂದ ಬಂದು, 1894ರಲ್ಲಿ ಮಿರಜಿನ ಆಸ್ಪತ್ರೆ ತೆರೆದ ಶಸ್ತ್ರವೈದ್ಯರು. ಗಾಂಧೀಜಿ ಅಂಬೋಲಿಗೆ, ಅಲ್ಲಿಂದ ನಂದಿಬೆಟ್ಟಕ್ಕೆ ವಿಶ್ರಾಂತಿಗೆ ಹೋದರು. ಆ ವರ್ಷದ ಕರ್ನಾಟಕ ಪ್ರವಾಸದ ಕಥೆಯೇ ಇದರಿಂದ ತಿರುಗಿತು. ಇಷ್ಟು ವಿವರ ನಮಗೆ ಸಿಗುವುದು ರೋಗಿ ಗಾಂಧೀಜಿ ಆದದ್ದರಿಂದ. ಅದೇ ವಾರ ನಿಪ್ಪಾಣಿಯಲ್ಲಿ ತಂಬಾಕಿನ ಧೂಳು ಕುಡಿದು ಕೆಮ್ಮುತ್ತಿದ್ದ ಹೆಂಗಸರ ನಾಡಿ ಹಿಡಿದವರಾರು ಎಂದು ಕೇಳಿದರೆ ಯಾವ ಸಂಪುಟವೂ ಪುಟ ತೆರೆಯುವುದಿಲ್ಲ.

ನಮ್ಮ ಭಾಗದ ಕಾಗದಗಳ ಹಣೆಬರಹವೇ ಚದುರಿಹೋಗುವುದು. ಚಿಕ್ಕೋಡಿ, ಅಥಣಿ ಮುಂಬಯಿ ಇಲಾಖೆಯಲ್ಲಿದ್ದುದರಿಂದ ಸರ್ಕಾರಿ ಕಡತಗಳ ಬೇರು ಮುಂಬಯಿಯಲ್ಲಿ. ರಾಯಬಾಗ ಕೊಲ್ಹಾಪುರ ಸಂಸ್ಥಾನದ ಭಾಗ, ಆದ್ದರಿಂದ ಅದರ ದಫ್ತರ ಕೊಲ್ಹಾಪುರದಲ್ಲಿ. ಅದಕ್ಕಿಂತ ಹಿಂದಿನದು ಬೇಕೆಂದರೆ ಪುಣೆಯ ಪೇಶ್ವೆ ದಫ್ತರದ ರುಮಾಲುಗಳನ್ನು ಬಿಚ್ಚಬೇಕು. ಅದಕ್ಕೆ ಮೋಡಿ ಲಿಪಿ ಬರಬೇಕು. ಮಿಷನ್ನಿನದು ಬೇಕೆಂದರೆ ಸಮುದ್ರ ದಾಟಬೇಕು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, ನಮ್ಮ ಹಳೆಯ ಕಾಗದಗಳು ಬರಲಿಲ್ಲ. ಗಡಿ ಯಾವ ಹಳ್ಳಿಯ ಮೇಲೆ ಹಾಯಬೇಕು ಎಂದು ಎರಡೂ ಕಡೆಯವರು ಇಷ್ಟು ವರ್ಷ ಜಗಳಾಡಿದರು. ಈ ಕಡತಗಳ ಒಂದು ನಕಲು ಬೆಳಗಾವಿಗೋ ಚಿಕ್ಕೋಡಿಗೋ ಬರಲಿ ಎಂದು ಬೀದಿಗಿಳಿದು ಕೂಗಿದವರನ್ನು ನಾವು ಕಾಣೆವು. ನಮ್ಮ ಕಡೆ ಶಾಲೆಯ ಮಕ್ಕಳ ಚೀಲಕ್ಕೂ ದಫ್ತರ ಎನ್ನುತ್ತಾರೆ. ಆ ದಫ್ತರದೊಳಗೆ ಹರ್ಡೀಕರರ ಹೆಸರಿನ ಒಂದು ಪಾಠವಾದರೂ ಇರಬೇಕಿತ್ತು.

ಇನ್ನು ಮನೆಗಳೊಳಗಿನ ಕಾಗದ. ಹಕೀಮರಿದ್ದ ನಮ್ಮ ಮನೆತನಗಳಲ್ಲಿ ‘ಬಯಾಜ್’ ಎಂಬ ಕೈಬರಹದ ಪುಸ್ತಕ ಇಟ್ಟುಕೊಳ್ಳುವ ರೂಢಿ ಇತ್ತು. ಪರೀಕ್ಷಿಸಿ ನೋಡಿದ ನುಸ್ಖೆಗಳನ್ನು ಫಾರಸಿ ಬೆರೆತ ಉರ್ದುವಿನಲ್ಲಿ ಅದರೊಳಗೆ ಬರೆದಿಡುತ್ತಿದ್ದರು. ಪ್ರತಿ ನುಸ್ಖೆಯ ನೆತ್ತಿಯ ಮೇಲೆ ‘ಹುವಶ್ಶಾಫಿ’, ವಾಸಿ ಮಾಡುವವನು ಅವನು, ಎಂಬ ಒಂದು ಪದ. ಕೆಳಗೆ ಔಷಧದ ಹೆಸರು, ತೂಕ, ಯಾವ ಋತುವಿನಲ್ಲಿ ಕೊಡಬೇಕು, ಯಾವುದರ ಜೊತೆ ಕೊಡಬಾರದು. ಊರಿಗೆ ಬಂದ ಪ್ಲೇಗು, ಕಾಲರಾಗಳ ನೆನಪು ಇಂಥ ಪುಟಗಳ ಅಂಚಿನಲ್ಲಿ ಅಡಗಿರುತ್ತದೆ. ಉರ್ದು ಓದುವವರು ಮನೆಯಲ್ಲಿ ಇಲ್ಲದಂತಾದಾಗ ಇವಕ್ಕೆ ಎರಡು ಗತಿ. ಅರಬ್ಬಿ ಅಕ್ಷರವೆಂಬ ಭಕ್ತಿಯಿಂದ ಮಸೀದಿಯ ಕಪಾಟಿಗೆ ಸೇರುವುದು ಅಥವಾ ಹಾಗೆಯೇ ಗೌರವದಿಂದ ನೀರಿಗೆ ಬಿಡುವುದು. ಬಯಾಜು ಧರ್ಮಗ್ರಂಥವೇನೂ ಅಲ್ಲ, ಅದೊಂದು ಊರಿನ ಆರೋಗ್ಯದ ರೋಜನಾಮೆ ಎಂದು ಹೇಳುವವರಿಲ್ಲದೆ ಎಷ್ಟೋ ಪುಸ್ತಕಗಳು ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಪಾಲಾದವು. ಹಿಂದೂ ಮನೆಗಳ ಮೋಡಿ ಕಾಗದಗಳ ಕಥೆಯೂ ಬೇರೆಯಲ್ಲ. ಅಲ್ಲಿ ಒಲೆ, ಇಲ್ಲಿ ಹೊಳೆ.

ಧಾರವಾಡದಲ್ಲಿ ರಾಜ್ಯ ಪತ್ರಾಗಾರ ಇಲಾಖೆಯ ಕಚೇರಿ ಇದೆ. ಈಗ ಮೊಬೈಲಿನಲ್ಲೇ ಪುಟದಿಂದ ಪುಟಕ್ಕೆ ಚಿತ್ರ ತೆಗೆಯಬಹುದು. ಮನೆಯವರಿಂದ ಕಾಗದ ಕಿತ್ತುಕೊಂಡು ಹೋಗಬೇಕಾದ ಅಗತ್ಯವೇ ಇಲ್ಲ. ನಿಪ್ಪಾಣಿ, ಅಥಣಿ, ಚಿಕ್ಕೋಡಿಯ ಕಾಲೇಜುಗಳ ಇತಿಹಾಸ ವಿಭಾಗದ ಹುಡುಗ ಹುಡುಗಿಯರು ಒಂದು ಬೇಸಿಗೆಯ ರಜೆಯಲ್ಲಿ ತಮ್ಮ ತಮ್ಮ ಓಣಿಗಳಲ್ಲಿ ಕೇಳಿ ನೋಡಲಿ: ಅಜ್ಜನ ಟ್ರಂಕಿನಲ್ಲಿ ಸೇವಾದಳದ ಚೀಟಿ, ಜೈಲಿನ ಪತ್ರ, ದವಾಖಾನೆಯ ಪಾವತಿ, ಮೋಡಿಯ ಲೆಕ್ಕ, ಹಕೀಮರ ಬಯಾಜು ಏನಾದರೂ ಉಳಿದಿದೆಯೇ? ಉಳಿದಿದ್ದರೆ ಅದನ್ನು ಓದಬಲ್ಲ ಮುದುಕರು ಊರಿಗೆ ಒಬ್ಬಿಬ್ಬರಾದರೂ ಇದ್ದಾರೆ. ಮೋಡಿ ಬಲ್ಲವರು ಒಬ್ಬರು, ಶಿಕಸ್ತಾ ಬರಹದ ಉರ್ದು ಬಿಡಿಸಬಲ್ಲ ನಿವೃತ್ತ ಮಾಸ್ತರರು ಒಬ್ಬರು. ಅವರಿಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ, ಚಹಾ ತರಿಸಿ, ಗಂಟು ಬಿಚ್ಚುವ ಕೆಲಸವನ್ನು ಈ ಬೇಸಿಗೆಗೇ ಶುರು ಮಾಡಬಹುದು.